ಬರೆದಾಕಿ ಶೋಭಾ ಅಲ್ಲ

ನಮ್ಮ ಔಷಧದಂಗಡಿಗೆ ಬರುವವರ ಮಾತನ್ನು ನಂಬುವುದಾದರೆ ಹಳಿಯಾಳದಲ್ಲಿ ಯಾರಿಗೂ ಯಾವ ಕಾಯಿಲೆಯೂ ಇಲ್ಲ. ಇರುವ ಕಾಯಿಲೆಗಳೆಲ್ಲ ಅವರ ಪೈಕಿಯವರಿಗೆ. ಮೂಲವ್ಯಾಧಿಯ ಮುಲಾಮು ಬೀಗರಿಗೆ, ಹುಳಕಡ್ಡಿಯ ಪುಡಿ ಬಾಜೂ ಮನೆಯವರಿಗೆ, ತಲೆಗೂದಲಿಗೆ ಹಚ್ಚುವ ಕಪ್ಪು ಬಣ್ಣ ಧಾರವಾಡದಲ್ಲಿರುವ ಅಣ್ಣನಿಗೆ. ಮುಂದಿನ ವಾರ ಅದೇ ಗಿರಾಕಿ ಮಿರಿಮಿರಿ ಮಿಂಚುವ ಕಪ್ಪು ಮೀಸೆ ಹೊತ್ತು ಬಂದಾಗ, ಅಣ್ಣನವರು ಆರಾಮ ಇದ್ದಾರೇನ್ರಿ ಎಂದು ನಾನು ಕೇಳುತ್ತೇನೆ. ಆರಾಮ ಇದ್ದಾರ್ರಿ ಎಂದು ಅವರೂ ಮುಖಮುದ್ರೆ ಕೆಡಿಸದೆ ಉತ್ತರಿಸುತ್ತಾರೆ. ಬಸ್ ನಿಲ್ದಾಣದ ಹತ್ತಿರ ಇಷ್ಟು ಕಾಲ ಕುಳಿತ ನನಗೆ ಮನುಷ್ಯಸ್ವಭಾವದ ಬಗ್ಗೆ ಆದ ಜ್ಞಾನೋದಯ ಇಷ್ಟೇ: ಹೊಟ್ಟೆಯೊಳಗಿನದನ್ನು ಹೇಳಿಕೊಳ್ಳಲು ಎಲ್ಲರಿಗೂ ತವಕ, ಆದರೆ ಅದರ ಕೆಳಗೆ ತಮ್ಮ ಹೆಸರು ಬೀಳಬಾರದು.

ನೀವು ನಗುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನೂ ಆ ಪೈಕಿಯೇ. ನನ್ನದೂ ಒಂದು ಬ್ಲಾಗಿದೆ, ಅದಕ್ಕೆ ನನ್ನ ಹೆಸರಿಲ್ಲ.

ಹಾಗೆಂದು ನಾನು ಹುಟ್ಟಾ ಅಂಜುಬುರುಕಿ ಎಂದು ತಿಳಿಯಬೇಡಿ. ಮೊದಮೊದಲು ಸ್ವನಾಮಧೇಯದಿಂದ, ಅಂಗಡಿಯ ಮುಂದೆ ನಿಂತು ತೆಗೆಸಿಕೊಂಡ ಭಾವಚಿತ್ರಸಮೇತಳಾಗಿ ಫೇಸ್‌ಬುಕ್ಕಿನಲ್ಲಿ ಕೆಮ್ಮಿನ ಬಗ್ಗೆ ಒಂದು ವಿನೋದ ಪ್ರಬಂಧವನ್ನು ಬರೆದು ಹಾಕಿದ್ದೆ. ಸೊಸೆಯಂದಿರಿಗೆ ತನ್ನ ಆಗಮನವನ್ನು ಸೂಚಿಸಲು ಹೊಸ್ತಿಲಲ್ಲಿ ನಿಂತು ಕೆಮ್ಮುವ ಮಾವನ ಕೆಮ್ಮು, ಭಾಷಣ ಸಾಕು ಎಂದು ಸಭೆಯ ಹಿಂದಿನ ಸಾಲಿನಿಂದ ಏಳುವ ಕೆಮ್ಮು, ದಾಂಡೇಲಿ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರೂ ಬರದಿರಲೆಂದು ಕೆಮ್ಮುವ ದೂರದೃಷ್ಟಿಯ ಕೆಮ್ಮು, ಹೀಗೆ ಯಾರಿಗೂ ನೋವಾಗದ ವರ್ಗೀಕರಣ. ಮರುದಿನದಿಂದ ನನ್ನ ಅಂಗಡಿಯ ಮುಂದೆ ಯಾರೂ ಕೆಮ್ಮಲಿಲ್ಲ. ಬಂದ ಕೆಮ್ಮನ್ನು ನುಂಗಿಕೊಂಡು, ಕಣ್ಣು ಕೆಂಪಾದರೂ ತುಟಿ ಬಿಗಿದುಕೊಂಡು, ಎದುರು ಸಾಲಿನ ಅಂಗಡಿಗೆ ಹೋಗಿ ಔಷಧ ಕೊಂಡರು. ಪಿಂಚಣಿದಾರರೊಬ್ಬರಂತೂ ಬಂದು, ನಂದು ಮೂರನೇದ್ದಲ್ರಿ, ನಂದು ಖರೇನ ಕೆಮ್ಮು ಎಂದು ಅಳುಮೋರೆ ಮಾಡಿ ಹೇಳಿಹೋದರು. ಬರಹವನ್ನು ಓದದವರು ಚಲೋ ಬರದೀರಿ ಎಂದರು, ಓದಿದವರು ಮಾತು ಬಿಟ್ಟರು. ಊರಿನ ಗುಟ್ಟಿನ ರೋಗಗಳೆಲ್ಲ ಗೊತ್ತಿರುವ ಹೆಂಗಸೊಬ್ಬಳು ಬರೆಯುತ್ತಾಳೆಂದರೆ ಆಕೆ ಏನು ಬರೆದರೂ ಅದು ತಮ್ಮದೇ ಗುಟ್ಟು ಎಂದು ಜನಕ್ಕೆ ಅನಿಸುವುದು ಸಹಜವೇ. ನನ್ನ ಹೆಸರು ನನ್ನ ಬರಹಕ್ಕಿಂತ ಮುಂಚೆ ಓಡಿಹೋಗಿ ಓದುಗರ ಮನೆಯ ಬಾಗಿಲು ಬಡಿಯುತ್ತಿತ್ತು, ಹಿಂದಿನಿಂದ ಬರಹ ಬರುವಷ್ಟರಲ್ಲಿ ಅವರು ಅಗಳಿ ಹಾಕಿಕೊಂಡಾಗಿರುತ್ತಿತ್ತು.

ಆದ್ದರಿಂದ 'ಅಡಿಗಿಮನಿ ಕಿಡಕಿ' ಎಂಬ ಬ್ಲಾಗನ್ನು ತೆರೆದು, ಬರೆದವರ ಹೆಸರಿನ ಜಾಗದಲ್ಲಿ 'ಕಿಡಕಿಯಾಕಿ' ಎಂದಷ್ಟೇ ಹಾಕಿದೆ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಮಧ್ಯಾಹ್ನ ರಸ್ತೆಯುದ್ದಕ್ಕೂ ನಿಂತುಬಿಟ್ಟರೆ ಆಚೆ ಬದಿಯ ಗಿರಾಕಿ ಈಚೆ ಬರಲಾರ. ಆ ಪುಣ್ಯಕಾಲದಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಮೊಬೈಲಿನಲ್ಲಿ ಟೈಪು ಮಾಡಿದ ಸಾಹಿತ್ಯ ಅದು.

ಹೆಸರನ್ನು ಮುಚ್ಚಿಟ್ಟು ಮಾತಾಡುವುದು ನಮ್ಮ ಕಡೆಯ ಹೆಂಗಸರಿಗೆ ಯಾವ ಕಂಪ್ಯೂಟರೂ ಕಲಿಸಬೇಕಾದ ವಿದ್ಯೆಯಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದೆ ಸಂಸಾರವನ್ನು ದಡ ಮುಟ್ಟಿಸಿದವರು ನಾವು. ಹೇಳುವುದೇನಿದ್ದರೂ ಬಸುರಿಯ ಕುಬಸ, ಮದುವೆಗಳಲ್ಲಿ ನಾಲ್ಕು ಜನ ಹಿಡಿದು ಗೋಳುಹೊಯ್ದುಕೊಂಡಾಗ, ಒಡಪಿನೊಳಗೆ ಕಟ್ಟಿ, ಪ್ರಾಸದ ಮುಸುಕು ಹಾಕಿ. ನಮ್ಮತ್ತೆಯ ಸಂಕಟ ಇನ್ನೂ ದೊಡ್ಡದು. ನಮ್ಮ ಮಾವನವರಿಗೆ ಉಳವಿಯ ದೇವರ ಹೆಸರನ್ನೇ ಇಟ್ಟಿದ್ದರು. ಹೀಗಾಗಿ ಅತ್ತೆ ಗಂಡನ ಹೆಸರಿನ ಜೊತೆಗೆ ದೇವರ ಹೆಸರನ್ನೂ ಕಳೆದುಕೊಂಡರು. ಜೋಯಿಡಾದ ಕಾಡು ಹಾಯ್ದು ಉಳವಿಗೆ ಹೋದಾಗಲೂ ಗರ್ಭಗುಡಿಯ ಮುಂದೆ ನಿಂತು, ಉಳವಿಯಪ್ಪಾ, ಗೊತ್ತೈತೆಲ್ಲಪಾ ನಿನಗ, ಎಂದಷ್ಟೇ ಹೇಳಿ ಕೈಮುಗಿಯುತ್ತಿದ್ದರು. ಮಾವನವರು ತೀರಿಕೊಂಡ ಮೇಲೆ ಆಸ್ಪತ್ರೆಯವರು ಹೆಸರು ಕೇಳಿದಾಗಲೂ ನನ್ನ ಕಡೆ ಕೈ ತೋರಿಸಿದರೇ ಹೊರತು ಬಾಯಿ ತೆರೆಯಲಿಲ್ಲ. ಸೊಸೆಯಾದ ನಾನು ಆ ಹೆಸರು ಹೇಳುವಂತಿಲ್ಲದ್ದರಿಂದ ನಾನು ನಮ್ಮ ಮನೆಯವರ ಕಡೆ ಕೈ ತೋರಿಸಿದೆ.

ಬ್ಲಾಗಿನ ನಾಯಕಿ ಇದೇ ನಮ್ಮತ್ತೆ. ಅಲ್ಲಿ ಅವರನ್ನು 'ಹಿರಿಯಾಕಿ' ಎಂದು ಕರೆದೆ. ಅತ್ತೆ ಎಂದೂ ಅನ್ನಲಿಲ್ಲ, ಅವ್ವ ಎಂದೂ ಅನ್ನಲಿಲ್ಲ. ಹಿರಿಯಾಕಿಗೆ ಯಾವ ಅಡಿಗೆ ಎಷ್ಟು ಸೇರಿದರೂ ಅವರ ಬಾಯಿಂದ ಹೊರಡುವ ಅತ್ಯುನ್ನತ ಪ್ರಶಸ್ತಿ, ತಿನ್ನಾಕ ಬರ್ತೈತಿ, ಎಂಬುದು ಮಾತ್ರ. ರೇಡಿಯೋ ಹಚ್ಚಿಟ್ಟು ಗೊರಕೆ ಹೊಡೆಯುತ್ತಾರೆ, ಬಂದ್ ಮಾಡಿದ ಕ್ಷಣ ಎದ್ದು ಕುಳಿತು, ಕೇಳಾಕತ್ತಿದ್ನೆಲ್ಲ ಯಾಕ ಬಂದ್ ಮಾಡಿದಿ, ಎಂದು ತರಾಟೆಗೆ ತೆಗೆದುಕೊಳ್ಳುತ್ತಾರೆ. ಊರಿಗೆ ಹೊರಟಾಗ ಮನೆಮಂದಿಗೆಲ್ಲ ಹೇಳಿದ ಮೇಲೆ ಒಳಗೆ ಹೋಗಿ ಒಲೆಗೂ ಬರ್ತೇನಿ ಎಂದು ಹೇಳಿಬರುತ್ತಾರೆ. ಇಂಥವನ್ನೆಲ್ಲ ನಾನು ದಿನವೂ ನೋಡುತ್ತಿದ್ದೆ, ಬರೆಯತೊಡಗಿದ ಮೇಲೆ ಇನ್ನಷ್ಟು ನೋಡಿದೆ, ನೋಡುತ್ತ ನೋಡುತ್ತ ಆ ಮುದುಕಿಯ ಮೇಲೆ ನನಗೆ ಬಹಳ ಜೀವ ಆಯಿತು. ಆದರೆ ಅದನ್ನು ಮುಖದ ಮುಂದೆ ಹೇಳುವ ರೂಢಿ ನಮ್ಮಲ್ಲಿಲ್ಲ. ಮನೆಯಲ್ಲಿ ನಾವಿಬ್ಬರೂ ಎಂದಿನಂತೆ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂಬ ವಿಷಯದಲ್ಲೇ ವ್ಯವಹರಿಸುತ್ತಿದ್ದೆವು.

ಅನಾಮಿಕತೆಯ ಸುಖವನ್ನು ಅನುಭವಿಸಿಯೇ ತಿಳಿಯಬೇಕು. ದಾಂಡೇಲಿಯಿಂದ ಯಾರೋ ನಗುತ್ತಾರೆ, ಜೋಯಿಡಾದಿಂದ ಯಾರೋ ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆದು ಹೊಗಳುತ್ತಾರೆ, ಯಾರಿಗೂ ನನ್ನ ಹಂಗಿಲ್ಲ, ದಾಕ್ಷಿಣ್ಯವಿಲ್ಲ. ಒಂದು ದಿನ ಖಾಯಂ ಗಿರಾಕಿಯೊಬ್ಬಳು ನನ್ನದೇ ಬರಹವನ್ನು ನನಗೇ ವಾಟ್ಸಾಪಿನಲ್ಲಿ ಕಳಿಸಿ, ಓದ್ರಿ ಅಕ್ಕಾರ, ಮಾರಿ ಸಿಂಡರಿಸಿಕೊಂಡು ಕುಂತಿರತೀರಿ, ನೀವೂ ಸ್ವಲ್ಪ ನಗೋದು ಕಲೀರಿ, ಎಂದು ಉಪದೇಶಿಸಿದಳು. ಅಂಥ ನಿಷ್ಪಕ್ಷಪಾತ ವಿಮರ್ಶೆ ಸ್ವಂತ ಹೆಸರಿನಲ್ಲಿ ಬರೆಯುವ ಯಾವ ಸಾಹಿತಿಗೆ ಸಿಕ್ಕೀತು ಹೇಳಿ.

ನನ್ನ ಈ ಸುಖಕ್ಕೆ ತಣ್ಣೀರು ಎರಚಿದವಳು ಜುಲಿಯಾನಾ. ಹಳಿಯಾಳದ ಆಚೆ ಹಳ್ಳಿಯ ಸಿದ್ದಿ ಹೆಣ್ಣುಮಗಳು, ಮಗಳ ಔಷಧಿಗೆ ಬರುತ್ತಾಳೆ, ಬಂದಾಗ ಕುರ್ಚಿ ಎಳೆದುಕೊಂಡು ಕುಳಿತು ಹರಟುತ್ತಾಳೆ. ಹೆಸರು ಹಾಕದೆ ಬರೆಯುವುದರಲ್ಲಿ ಎಷ್ಟು ಸ್ವಾತಂತ್ರ್ಯವಿದೆ ಎಂದು ಅವಳೆದುರು, ಯಾರೋ ಮೂರನೆಯವರ ಮಾತೆಂಬಂತೆ, ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಅವಳು ಕೇಳಿಸಿಕೊಂಡು, ಇದೆಲ್ಲ ಹೆಸರು ಇದ್ದವರ ಚೈನಿ ಅಕ್ಕಾ, ಎಂದುಬಿಟ್ಟಳು. ಅವರ ಊರಿಗೆ ಕ್ಯಾಮೆರಾ ಹಿಡಿದವರು ಬರುತ್ತಾರಂತೆ, ಕುಣಿಯಲು ಹೇಳುತ್ತಾರಂತೆ, ಆಮೇಲೆ ಫೋಟೋದ ಕೆಳಗೆ 'ಸಿದ್ದಿ ಮಹಿಳೆ' ಎಂದು ಹಾಕುತ್ತಾರಂತೆ. ನನ್ನ ಬಗ್ಗೆ ಯಾವಾಗರ ಬರದ್ರ ಹೆಸರು ಹಾಕಿ ಬರೀರಿ ಎಂದು ತಾಕೀತು ಮಾಡಿಹೋದಳು. ಹಾಕಿದ್ದೇನೆ, ಜುಲಿಯಾನಾ.

ಇನ್ನು ಶೋಭಾಳ ವಿಷಯಕ್ಕೆ ಬರುತ್ತೇನೆ. ಶೋಭಾ ನನ್ನ ನಾದಿನಿ, ನಮ್ಮ ಮನೆಯವರ ಒಬ್ಬಳೇ ತಂಗಿ. ಮುಂಡಗೋಡದ ದೊಡ್ಡ ವ್ಯಾಪಾರಸ್ಥರ ಮನೆಗೆ ಕಿರಿಯ ಸೊಸೆಯಾಗಿ ಹೋದವಳು. ಅವರ ಮನೆಯಲ್ಲಿ ಕುಬಸವೊಂದಿತ್ತು, ಅವಳ ಭಾವನ ಮಗಳಿಗೆ. ನಾನೂ ಅತ್ತೆಯೂ ಕಲಘಟಗಿ ಮೇಲೆ ಹಾಯ್ದು ಮುಂಡಗೋಡ ಮುಟ್ಟಿದೆವು. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಒಡಪು ಹೇಳಿಸುವ ಗದ್ದಲ ನಡೆದಾಗ ಎಲ್ಲಿಂದಲೋ ಒಬ್ಬಳು ಎದ್ದು ನಿಂತು ಶುರುಮಾಡಿದಳು:

ಕಬ್ಬಿನ ಗಾಡಿ ಸಾಲಾಗಿ ನಿಂತಾವ ಫ್ಯಾಕ್ಟರಿ ದಾರೀಗೆ,
ನಮ್ಮ ರಾಯರ ಹೆಸರ ಹೇಳತೇನಿ ಕೂಡಿದ ಮಂದೀಗೆ.

ನಾನು ಬಾಯಲ್ಲಿದ್ದ ಮಾದಲಿಯನ್ನು ನುಂಗುವುದನ್ನು ಮರೆತೆ. ಅದು ನನ್ನ ಬ್ಲಾಗಿನ ಒಡಪು. ಟ್ರ್ಯಾಕ್ಟರುಗಳನ್ನು ನೋಡುತ್ತ ನಾನೇ ಕಟ್ಟಿದ್ದು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿ ಶೋಭಾಳ ಕಡೆ ತಿರುಗಿದರು. ಶೋಭಾಳ ಅತ್ತೆ ಎದೆಯುಬ್ಬಿಸಿಕೊಂಡು ನಮ್ಮತ್ತೆಗೆ ಹೇಳಿದ್ದೇನೆಂದರೆ, ನಿಮ್ಮ ಮಗಳು ಹೆಸರು ಮುಚ್ಚಿಟ್ಟು ಬರೀತಾಳ್ರಿ ಬೀಗತಿ, ನಮಗ ಮೊದಲ ಗೊತ್ತಾಗಲಿಲ್ಲ, ಆದ್ರ ಒಲಿಗೆ ಬರ್ತೇನಿ ಅಂತ ಹೇಳಿ ಹೊಂಡು ಹಿರಿಯಾಕಿ ನಿಮ್ಮನ್ನ ಬಿಟ್ರ ಈ ಜಿಲ್ಲೆದಾಗ ಇನ್ನ್ಯಾರು, ಎಂದು. ನಾನು ಶೋಭಾಳನ್ನು ನೋಡಿದೆ. ಅವಳು ಹೌದೆನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ತಲೆ ತಗ್ಗಿಸಿ ಒಂದು ಸಣ್ಣ ನಗೆ ನಕ್ಕಳು. ಯಾವ ಮಾತಿಗೂ ಯಾರೂ ಕೇಳದಿದ್ದ ಕಿರಿಯ ಸೊಸೆಯನ್ನು ಆ ದಿನ ನಡುಮನೆಯಲ್ಲಿ ಕೂರಿಸಿ, ನೀನ ಹೇಳವಾ ಶೋಭಾ, ಅನ್ನುತ್ತಿದ್ದರು.

ನನ್ನ ಹೊಟ್ಟೆ ಧಗಧಗ ಉರಿಯಿತು. ನನ್ನ ಅಂಗಡಿಯಲ್ಲಿ ಅದಕ್ಕೆ ಮೂರು ತರಹದ ಗುಳಿಗೆಗಳಿದ್ದವು, ಯಾವುದೂ ಈ ಉರಿಗಲ್ಲ. ಅನಾಮಿಕರ ಬರಹವನ್ನು ಕದ್ದರೆ ದೂರು ಕೊಡುವುದಾದರೂ ಯಾರು? ಆದರೂ, ಒಡಪು ಹೋದರೆ ಹೋಗಲಿ ಅಂದುಕೊಳ್ಳಬಹುದಿತ್ತು. ತಡೆಯಲಾಗದ್ದು ಅತ್ತೆಯ ಮುಖ. ಮೊಬೈಲನ್ನು ಯಾರೋ ಕೈಗೆ ಕೊಟ್ಟಿದ್ದರು, ಓದಲು ಬರದಿದ್ದರೂ ಅದರ ಮೇಲೆ ಬೆರಳಾಡಿಸುತ್ತ ಕುಳಿತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ನೋಡಿದೇನು, ಮಗಳು ಮಗಳ, ಎಲ್ಲಿದ್ರೂ ತಾಯೀನ ನೆನಪು, ನೀ ದಿನಾ ಜೋಡಿ ಇರತಿ, ಇದರಾಗಿಂದು ಒಂದರ ನಿನ್ನ ಕಣ್ಣಿಗೆ ಬಿದ್ದೈತೇನು, ಅಂದರು. ಬೈಗುಳದಂತೆ ಅನ್ನಲಿಲ್ಲ, ಸುಮ್ಮನೆ ಕೇಳಿದರು. ಜಗತ್ತಿಗೆಲ್ಲ ನಾನು ಯಾರೆಂದು ಗೊತ್ತಾಗದಿದ್ದರೂ ಚಿಂತೆಯಿರಲಿಲ್ಲ, ಈ ಒಬ್ಬರಿಗೆ ಗೊತ್ತಾಗಬೇಕಿತ್ತು.

ಮರುದಿನ ಬೆಳಿಗ್ಗೆ ಶೋಭಾ ನನ್ನನ್ನು ಅತ್ತಿವೇರಿಗೆ ಕರೆದುಕೊಂಡು ಹೋದಳು, ಹಕ್ಕಿ ತೋರಿಸುವ ನೆಪದಲ್ಲಿ. ಕೆರೆಯ ದಂಡೆಯಲ್ಲಿ ಚಮಚೆಯಂಥ ಕೊಕ್ಕಿನ ಬಿಳಿಯ ಹಕ್ಕಿಗಳು ನೀರು ಕಲಕುತ್ತಿದ್ದವು. ನಾನು ಹಕ್ಕಿ ನೋಡುವ ಸ್ಥಿತಿಯಲ್ಲಿರಲಿಲ್ಲ, ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡ ಬಿರುನುಡಿಗಳು ನಾಲಿಗೆಯ ತುದಿಗೆ ಬಂದಿದ್ದವು. ಅವಳೇ ಮೊದಲು ಮಾತಾಡಿದಳು. ರೇಡಿಯೋದ ಬರಹ ಓದಿದ ದಿನವೇ ಇದು ವೈನಿಯದೇ, ಅಂದರೆ ಅತ್ತಿಗೆಯಾದ ನನ್ನದೇ, ಎಂದು ಅವಳಿಗೆ ಗೊತ್ತಾಗಿತ್ತಂತೆ. ಮನೆ ಯಾವುದೆಂದು ಅವಳ ಅತ್ತೆಗೆ ಸುಳಿವು ಹತ್ತಿದ ಮೇಲೆ ಬರೆದವರು ಇಬ್ಬರಲ್ಲೊಬ್ಬರೇ ಆಗಬೇಕು, ಮಗಳು ಅಥವಾ ಸೊಸೆ. ಅವಳು ಅಲ್ಲವೆಂದರೆ ಉಳಿಯುವವಳು ನಾನು.

"ನಾ ಬರದ್ರ ಅವ್ವನ ಮ್ಯಾಲಿನ ಅಂತಃಕರಣ ಅಂತಾರ, ವೈನಿ. ಅದನ್ನ ನೀವು ಬರದ್ರಿ ಅಂದ್ರ ಅತ್ತಿ ಮ್ಯಾಲಿನ ಚಾಡಿ ಅಂತಾರ. ಅದಕ್ಕ ಸುಮ್ಮನ ನಕ್ಕೆ," ಅಂದಳು.

ನಾನು ಜೋಡಿಸಿಟ್ಟುಕೊಂಡ ಬಿರುನುಡಿಗಳೆಲ್ಲ ಅಲ್ಲೇ ಅತ್ತಿವೇರಿಯ ನೀರಿಗೆ ಬಿದ್ದವು. ಅವಳು ಹೇಳಿದ್ದು ಖರೆ. ಮುದುಕಿ ಗೊರಕೆ ಹೊಡೆಯುತ್ತಾಳೆ ಎಂದು ಮಗಳು ಬರೆದರೆ ಓದುಗರ ಕಣ್ಣು ಒದ್ದೆಯಾಗುತ್ತದೆ, ಸೊಸೆ ಬರೆದರೆ ಪಂಚಾಯಿತಿ ಸೇರುತ್ತದೆ. ಅಕ್ಷರ ಅವೇ, ಕೆಳಗಿನ ಹೆಸರು ಬೇರೆ. ಬರೆದವರು ಯಾರೆಂಬುದು ಮುಖ್ಯವಲ್ಲ, ಬರಹವನ್ನು ನೋಡಿ ಎಂದು ಹೇಳುವ ಮಹನೀಯರು ನಮ್ಮ ಸಾಹಿತ್ಯದಲ್ಲಿ ಬಹಳ. ಅವರಲ್ಲಿ ಯಾರೂ ಯಾರ ಮನೆಗೂ ಸೊಸೆಯಾಗಿ ಹೋದವರಲ್ಲ. ನಾನು ಕಳ್ಳಿ ಎಂದು ಬಗೆದವಳು ನನ್ನ ಬದಲಿಗೆ ತಲೆ ತಗ್ಗಿಸಿ ನಿಂತಿದ್ದಳು. ಅದರಿಂದ ಅವಳಿಗೂ ನಡುಮನೆಯ ಮಣೆ ಸಿಕ್ಕಿತ್ತು ಎನ್ನುವುದೂ ಖರೆಯೇ, ಆದರೆ ಅದಕ್ಕೆ ಕರುಬುವಷ್ಟು ಸಣ್ಣವಳಾಗಲು ನನಗೆ ಮನಸ್ಸು ಬರಲಿಲ್ಲ. ನಿನ್ನ ಹೆಸರ ಇರಲಿ ಬಿಡು ಎಂದು ಹೇಳಿ ಅವಳ ಕೈ ಹಿಡಿದುಕೊಂಡೆ.

ಔದಾರ್ಯವನ್ನು ತೋರಿಸುವುದು ಸುಲಭ, ಅದರ ಜೊತೆ ಸಂಸಾರ ಮಾಡುವುದು ಕಷ್ಟ. ಹಳಿಯಾಳಕ್ಕೆ ಮರಳಿದ ಮೇಲೆ ನಮ್ಮ ಮನೆಯವರು, ದಾಂಡೇಲಿಯ ಶಾಲೆಯಲ್ಲಿ ಮಾಸ್ತರರು, ಸಂಜೆ ಚಹದ ಹೊತ್ತಿಗೆ ತಂಗಿಯ ಬರಹಗಳನ್ನು ತಾಯಿಗೆ ಓದಿ ಹೇಳುವ ಸತ್ಸಂಗ ಶುರುಮಾಡಿದರು. ಸ್ನಾನಕ್ಕೆ ಹೋದವರು ಟಾವೆಲು ಮರೆತು ಊರಿಗೆಲ್ಲ ಕೇಳುವಂತೆ ಕೂಗುವ 'ಮನೆಯ ಗಂಡಸು' ತಾವೇ ಎಂದು ತಿಳಿದಾಗ, ಸಣ್ಣಾಕಿದ್ದಾಗಿಂದ ನನ್ನ ಮ್ಯಾಲೆ ಕಣ್ಣು ಐತಿ ಇಕಿದು, ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದೇ ಮಾತನ್ನು ಹಿಂದಿನ ವಾರ ನಾನು ಬಾಯಿಬಿಟ್ಟು ಹೇಳಿದ್ದಾಗ ಮೂರು ಹೊತ್ತು ಮುಖ ಗಂಟು ಹಾಕಿಕೊಂಡಿದ್ದ ಮಹಾನುಭಾವರು ಇವರೇ. ಅತ್ತೆಯೂ ನಗುತ್ತಿದ್ದರು, ನಕ್ಕು ನಕ್ಕು ಕಣ್ಣೊರೆಸಿಕೊಂಡು, ಎಷ್ಟ ನೆಪ್ಪಿಟ್ಟಾಳವಾ ನನ್ನ ಕೂಸು, ಅನ್ನುತ್ತಿದ್ದರು. ನಾನು ಅವರಿಬ್ಬರಿಗೂ ಚಹ ಬಗ್ಗಿಸಿಕೊಟ್ಟು, ಲೇಖಕಿಯ ಪಾಲಿಗೆ ಉಳಿದ ಖಾಲಿ ಕಪ್ಪು-ಬಸಿಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ನನ್ನೊಳಗಿನ ಆಸೆಯೇ ಕೊನೆಗೆ ಒಂದು ಬರಹ ಬರೆಸಿತು. ಹಿಂದೊಂದು ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಊಟಕ್ಕೆ ಬಂದಿದ್ದೆ, ಮುಂಬಾಗಿಲಿಗೆ ಅಗಳಿ ಇದ್ದದ್ದರಿಂದ ಹಿತ್ತಲಿನಿಂದ ಒಳಗೆ ಬಂದೆ. ಅತ್ತೆ ನಡುಮನೆಯಲ್ಲಿ ಮಾವನವರ ಫೋಟೋದ ಗಾಜನ್ನು ಸೆರಗಿನಿಂದ ಒರೆಸುತ್ತಿದ್ದರು. ಒರೆಸಿದವರು ಸುತ್ತ ನೋಡಿ, ಯಾರೂ ಇಲ್ಲವೆಂದು ತಿಳಿದು, ಮಾವನವರ ಹೆಸರು ಹಿಡಿದು ಕರೆದರು. ರಾಯರು ಇಲ್ಲ, ಒಡಪಿಲ್ಲ, ಬರೇ ಹೆಸರು, ಓಣಿಯಲ್ಲಿ ಆಡುವ ಹುಡುಗನನ್ನು ಕರೆದಂತೆ. ಕರೆದು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎಳೆಯ ಹುಡುಗಿಯಂತೆ ನಕ್ಕರು. ಅಡಿಗೆಮನೆಯಲ್ಲಿ ನಿಂತಿದ್ದ ನಾನು ಸದ್ದು ಮಾಡದೆ ಹಿತ್ತಲಿಗೆ ಹೋಗಿ, ಬಾಲ್ದಿ ಬಡಿದು, ಈಗ ತಾನೆ ಬಂದವಳಂತೆ ಮತ್ತೆ ಬಂದೆ.

ಇದನ್ನು ಬರೆದೆ. ಮಾವನವರ ಹೆಸರನ್ನು ಅಲ್ಲಿಯೂ ಬರೆಯಲಿಲ್ಲ, ಇಲ್ಲಿಯೂ ಬರೆದಿಲ್ಲ. ಇದು ಯಾರ ಮರ್ಯಾದೆಗೂ ಕುಂದು ತರುವಂಥದ್ದಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಖರೆ ಹೇಳಬೇಕೆಂದರೆ, ಇದು ಮನೆಯಲ್ಲಿದ್ದವಳ ಕಣ್ಣಿಗೆ ಮಾತ್ರ ಬೀಳುವಂಥದ್ದು ಎಂಬುದೇ ಬರೆಯಲು ಕಾರಣ. ಹೆಸರು ಮುಚ್ಚಿಡುವ ಚಪಲದ ಬೆನ್ನಿಗೇ ಯಾರಾದರೂ ಹುಡುಕಿ ಹಿಡಿಯಲಿ ಎಂಬ ಚಪಲವೂ ಇರುತ್ತದೆ. ಬರೆದು ಹಾಕಿದ ಮೇಲೆ, ಅವರ ಏಕಾಂತವನ್ನು ಬಜಾರಿಗೆ ತಂದೆನೇನೋ, ಇನ್ನು ಮೇಲೆ ಈ ಮನೆಯಲ್ಲಿ ನನ್ನೆದುರು ಅವರು ನಗುವುದನ್ನೇ ಬಿಟ್ಟುಬಿಟ್ಟರೆ, ಎಂದು ಹೆದರಿದೆ. ತೆಗೆದುಹಾಕೋಣ ಎಂದು ಮೊಬೈಲು ಎತ್ತಿಕೊಳ್ಳುವಷ್ಟರಲ್ಲಿ ಸಂಜೆಯಾಗಿ, ನಮ್ಮ ಮನೆಯವರು ಚಹದ ಬಟ್ಟಲು ಪಕ್ಕಕ್ಕಿಟ್ಟು ಓದಲು ಶುರುಮಾಡಿಯೇಬಿಟ್ಟಿದ್ದರು.

ಓದುತ್ತ ಓದುತ್ತ ಅವರ ಧ್ವನಿ ಮೆತ್ತಗಾಯಿತು. ಅತ್ತೆ ತಮ್ಮ ಸೆರಗಿನ ತುದಿಯನ್ನೇ ನೋಡುತ್ತ ಕುಳಿತಿದ್ದರು. ಸ್ವಲ್ಪ ಹೊತ್ತಿನ ಮೇಲೆ ನಮ್ಮ ಮನೆಯವರಿಗೆ ಮಾಸ್ತರಿಕೆಯ ಸಂಶಯ ಬಂದು, ಇದು ಅಪ್ಪ ಹೋದಮ್ಯಾಲಿಂದು, ಶೋಭಾ ಯಾವಾಗ ಬಂದಿದ್ದಳು, ಎಂದು ಕೇಳಿದರು. ನಾನು ಗೋಡೆಗೆ ಒರಗಿ ನಿಂತೆ.

"ಬಂದಿದ್ದಳು," ಅಂದರು ಅತ್ತೆ. "ನೀ ಸಾಲಿಗೆ ಹೋಗಿದ್ದಿ."

ಅವರು ಅಷ್ಟಕ್ಕೇ ಒಪ್ಪಿಕೊಂಡು, ಪೇಟೆಯಿಂದ ಏನು ತರಬೇಕೆಂದು ಕೇಳಿ, ಚೀಲ ಹಿಡಿದು ಹೊರಗೆ ಹೋದರು. ನಾನು ಬಸಿಗಳನ್ನು ಎತ್ತಿಕೊಳ್ಳಲು ಬಗ್ಗಿದೆ. ಅತ್ತೆ ನನ್ನ ಮುಖ ನೋಡಲಿಲ್ಲ, ಎದುರು ಗೋಡೆಯ ಮೇಲಿನ ಫೋಟೋ ನೋಡುತ್ತ ಮಾತಾಡಿದರು.

"ಶೋಭಾಗ ಒಂದ ಮಾತ ಹೇಳು. ಬರದದ್ದು ಬರೋಬರಿ ಐತಿ, ಆದ್ರ ಅರ್ಧಾ ಬರದಾಳ. ನಾ ಕರದಾಗ ಅವರು ಓ ಅಂದ್ರು. ಅಡಿಗಿಮನ್ಯಾಗ ನಿಂತಾಕಿಗೆ ಅದು ಕೇಳಿಸಿರಲಿಕ್ಕಿಲ್ಲ. ಅದನ್ನೂ ಬರಿ ಅಂತ ಹೇಳು."

ಹೇಳ್ತೇನ್ರಿ ಅತ್ತಿ, ಅಂದೆ. ಬಸಿಗಳನ್ನು ಒಳಗಿಟ್ಟು ಬಂದು ಅಲ್ಲಿಯೇ, ಅವರ ಪಕ್ಕದಲ್ಲಿಯೇ ಕುಳಿತು, ಆ ಒಂದು ಸಾಲನ್ನು ಮೊಬೈಲಿನಲ್ಲಿ ಸೇರಿಸಿದೆ. ಅವರು ನೋಡುತ್ತಿದ್ದರು. ಕೆಳಗೆ ಹೆಸರು ಹಾಕಲಿಲ್ಲ, ಹಾಕಬೇಕು ಎಂದು ಅನಿಸಲೂ ಇಲ್ಲ.